ಮಂತ್ರ ಬಲ್ಲ ಯೋಧನಿಗೆ ಹೋಂಬ್ರೂ (ಸ್ವಂತವಾಗಿ ಬರೆದ) ಶಕ್ತಿಗಳು: ‘ಗರುಡ’ ಉಪವರ್ಗದ ಕರಡಿಗೆ ಅಭಿಪ್ರಾಯ ಬೇಕು

ದಾಳದಾರಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಗುಂಪು, ದಾಳ ಉರುಳಿಸಿ ಪಾತ್ರಗಳನ್ನು ಆಡುವ ಕಥಾ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯನ್ನು 2014ರ ನಿಯಮಗಳ ಪ್ರಕಾರ ಆಡುತ್ತಿದೆ. ಕಥೆ ನಡೆಯುವುದು ಹೊಯ್ಸಳರ ದೋರಸಮುದ್ರವನ್ನು ಹೋಲುವ, ಆದರೆ ಮಂತ್ರಗಳೂ ರಾಕ್ಷಸರೂ ಇರುವ ಒಂದು ಕಲ್ಪಿತ ರಾಜ್ಯದಲ್ಲಿ. ನಮ್ಮಲ್ಲಿ ಫೈಟರ್ (ಯೋಧ) ಪಾತ್ರವನ್ನು ಆಡುವವರು ಕತ್ತಿಯನ್ನೂ ಮಂತ್ರವನ್ನೂ ಒಟ್ಟಿಗೆ ಬಳಸುವ, ಒಡೆಯನಿಗೆ ತನ್ನ ಪ್ರಾಣವನ್ನೇ ಮುಡಿಪಿಟ್ಟ ‘ಗರುಡ’ನಾಗಬೇಕೆಂದು ಬಯಸಿದ್ದಾರೆ. ಪುಸ್ತಕದಲ್ಲಿ ಫೈಟರ್ ವರ್ಗದ ಒಂದು ಬಗೆಯಾದ ಎಲ್ಡ್ರಿಚ್ ನೈಟ್ ಉಪವರ್ಗ ಇದಕ್ಕೆ ಹತ್ತಿರವಿದೆ. ಆದರೆ ಅದರಲ್ಲಿ ಮಂತ್ರ ಮತ್ತು ಕತ್ತಿ ಅಕ್ಕಪಕ್ಕದಲ್ಲಿ ಇರುತ್ತವೆಯೇ ಹೊರತು ಒಂದರೊಳಗೊಂದು ಬೆರೆಯುವುದಿಲ್ಲ ಎಂಬುದು ಅವರ ಕೊರಗು, ಮತ್ತು ನನಗೂ ಅದು ನಿಜವೆನಿಸುತ್ತದೆ.

ಆದ್ದರಿಂದ ಎಲ್ಡ್ರಿಚ್ ನೈಟ್‌ನ ಸ್ಪೆಲ್ ಸ್ಲಾಟ್ (ಮಂತ್ರ ಪ್ರಯೋಗಿಸಲು ದಿನಕ್ಕೆ ಸಿಗುವ ಮಿತ ಅವಕಾಶ) ಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು, ಶಕ್ತಿಗಳನ್ನು ಮಾತ್ರ ಹೊಸದಾಗಿ ಬರೆದಿದ್ದೇನೆ. ಮೂರನೆಯ ಲೆವೆಲ್‌ನಲ್ಲಿ ‘ಮಂತ್ರಾಯುಧ’: ಆಯುಧದ ಏಟು ತಗುಲಿದ ಮೇಲೆ ಒಂದು ಸ್ಲಾಟ್ ಖರ್ಚು ಮಾಡಿ ಎರಡು ಡಿ8 (ಎಂಟು ಮುಖದ ದಾಳ) ಹೆಚ್ಚುವರಿ ಡ್ಯಾಮೇಜ್ (ಹಾನಿ) ಕೊಡಬಹುದು; ಸ್ಲಾಟ್ ಒಂದೊಂದು ಮೆಟ್ಟಿಲು ಏರಿದಂತೆ ಒಂದು ಡಿ8 ಹೆಚ್ಚುತ್ತದೆ. ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ದೈವಯೋಧ) ವರ್ಗದ ಡಿವೈನ್ ಸ್ಮೈಟ್ ಇದಕ್ಕೆ ಮಾದರಿ. ಅದೇ ಲೆವೆಲ್‌ನಲ್ಲಿ ‘ವೇಳೆವಾಳಿ’: ದೀರ್ಘ ವಿಶ್ರಾಂತಿಯ ನಂತರ ಸಂಗಡಿಗರಲ್ಲಿ ಒಬ್ಬರನ್ನು ಒಡೆಯನೆಂದು ಆರಿಸಿಕೊಂಡು, ಅವರು 30 ಅಡಿಯೊಳಗೆ ಏಟು ತಿಂದರೆ ರಿಯಾಕ್ಷನ್ (ಇತರರ ಸರದಿಯಲ್ಲಿ ಮಾಡಬಹುದಾದ ಒಂದು ಪ್ರತಿಕ್ರಿಯೆ) ಬಳಸಿ ಆ ಡ್ಯಾಮೇಜನ್ನು ತಾನು ಪಡೆಯಬಹುದು. ಏಳನೆಯ ಲೆವೆಲ್‌ನಲ್ಲಿ, ಆಕ್ಷನ್ (ಸರದಿಯ ಮುಖ್ಯ ಕ್ರಿಯೆ) ಬಳಸಿ ಯಾವುದೇ ಮಂತ್ರ ಪ್ರಯೋಗಿಸಿದರೂ ಬೋನಸ್ ಆಕ್ಷನ್ (ಸರದಿಗೊಂದೇ ಸಿಗುವ ಹೆಚ್ಚುವರಿ ಕಿರು ಕ್ರಿಯೆ) ಮೂಲಕ ಒಂದು ಏಟು ಹೊಡೆಯಬಹುದು. ಹತ್ತರಲ್ಲಿ, ಒಡೆಯ ಕಣ್ಣಿಗೆ ಕಾಣುತ್ತಿರುವವರೆಗೆ ಗರುಡನ ಕಾನ್ಸಂಟ್ರೇಷನ್ (ಮಂತ್ರವನ್ನು ಹಿಡಿದಿಡುವ ಏಕಾಗ್ರತೆ) ಮುರಿಯುವುದಿಲ್ಲ. ಹದಿನೈದರಲ್ಲಿ, ಒಡೆಯ ಶೂನ್ಯ ಹಿಟ್ ಪಾಯಿಂಟ್‌ಗೆ (ಪ್ರಾಣಶಕ್ತಿ ಮುಗಿದ ಸ್ಥಿತಿಗೆ) ಕುಸಿದರೆ ಗರುಡನಿಗೆ ಒಂದು ನಿಮಿಷದ ಕಾಲ ಪ್ರತಿ ಏಟಿಗೂ ಮೂರು ಡಿ8 ಹೆಚ್ಚುವರಿ ಡ್ಯಾಮೇಜ್ ದೊರೆಯುತ್ತದೆ.

ಪಾತ್ರಗಳು ಈಗ ಐದನೆಯ ಲೆವೆಲ್‌ನಲ್ಲಿವೆ. ಈ ಕರಡು ಉಳಿದ ಆಟಗಾರರ ಪಾತ್ರಗಳನ್ನು ಮಂಕಾಗಿಸದೆ ನಿಲ್ಲಬಲ್ಲದೇ ಎಂಬುದನ್ನು ದಯವಿಟ್ಟು ಪರಿಶೀಲಿಸಿ.


ಎಣಿಕೆಗಾರ, ಚಿಕ್ಕಮಗಳೂರು

ಕರಡು ಆಸಕ್ತಿಕರವಾಗಿದೆ. ಮೊದಲು ಮಂತ್ರಾಯುಧವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ, ಏಕೆಂದರೆ ಮೇಲ್ನೋಟಕ್ಕೆ ಇದು ಪ್ಯಾಲಡಿನ್‌ಗಿಂತ ದುರ್ಬಲವಾಗಿ ಕಾಣುತ್ತದೆ. ಐದನೆಯ ಲೆವೆಲ್‌ನ ಪ್ಯಾಲಡಿನ್ ಬಳಿ ಮೊದಲ ದರ್ಜೆಯ ನಾಲ್ಕು ಸ್ಲಾಟ್, ಎರಡನೆಯ ದರ್ಜೆಯ ಎರಡು ಸ್ಲಾಟ್ ಇರುತ್ತವೆ. ಎಲ್ಲವನ್ನೂ ಸ್ಮೈಟ್‌ಗೆ ಸುರಿದರೆ ಹದಿನಾಲ್ಕು ಡಿ8, ಅಂದರೆ ಸರಾಸರಿ 63 ಡ್ಯಾಮೇಜ್. ನಿಮ್ಮ ಗರುಡನ ಬಳಿ ಮೊದಲ ದರ್ಜೆಯ ಮೂರೇ ಸ್ಲಾಟ್ ಇರುವುದರಿಂದ ದಿನವೊಂದಕ್ಕೆ ಆರು ಡಿ8, ಅಂದರೆ ಸರಾಸರಿ 27. ಒಟ್ಟು ಮೊತ್ತವನ್ನಷ್ಟೇ ನೋಡುವವರು ಇಲ್ಲಿಗೇ ನಿಲ್ಲಿಸಿ ಒಪ್ಪಿಗೆ ಕೊಟ್ಟುಬಿಡುತ್ತಾರೆ.

ಆದರೆ ಫೈಟರ್‌ಗೆ ಸರದಿಯಲ್ಲಿ ಇನ್ನೊಂದು ಆಕ್ಷನ್ ಕೊಡುವ ಆಕ್ಷನ್ ಸರ್ಜ್ ಇದೆ. ಐದನೆಯ ಲೆವೆಲ್‌ನಲ್ಲಿ ಒಂದೇ ಸರದಿಯಲ್ಲಿ ನಾಲ್ಕು ಏಟು ಹೊಡೆಯಬಹುದು. ಸ್ಟ್ರೆಂಗ್ತ್ 18 ಇದ್ದರೆ ದಾಳಿಯ ಬೋನಸ್ 7. ಎದುರಿಗಿರುವುದು ಆರ್ಮರ್ ಕ್ಲಾಸ್ (ಏಟು ತಗಲಲು 20 ಮುಖದ ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಗುರಿ) 15, ಹಿಟ್ ಪಾಯಿಂಟ್ 84 ಇರುವ ಟ್ರೋಲ್ ಎಂದಿಟ್ಟುಕೊಳ್ಳಿ. ಪ್ರತಿ ಏಟು ತಗಲುವ ಸಾಧ್ಯತೆ ಶೇಕಡಾ 65. ಗ್ರೇಟ್‌ಸೋರ್ಡ್‌ನ ಸರಾಸರಿ 7ಕ್ಕೆ ಸ್ಟ್ರೆಂಗ್ತ್‌ನ 4 ಸೇರಿ ಏಟಿಗೆ 11. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗ ಏಟಿನ ದಾಳಗಳು ಎರಡು ಪಟ್ಟಾಗುವುದು) ಬಿಟ್ಟು ಲೆಕ್ಕ ಹಾಕಿದರೆ ನಾಲ್ಕು ಏಟಿನ ನಿರೀಕ್ಷಿತ ಮೊತ್ತ 28.6. ಏಟು ತಗುಲಿದ್ದು ಖಚಿತವಾದ ಮೇಲೆಯೇ ಸ್ಲಾಟ್ ಖರ್ಚಾಗುವುದರಿಂದ ಒಂದೂ ವ್ಯರ್ಥವಾಗದು; ಮೂರು ಸ್ಲಾಟ್‌ಗಳ ಮಿತಿಯನ್ನು ಗಣಿಸಿದರೂ ಮಂತ್ರಾಯುಧದಿಂದ ಸುಮಾರು 22 ಸೇರುತ್ತದೆ. ಒಂದೇ ಸರದಿಯಲ್ಲಿ 50ರ ಆಸುಪಾಸು. ನಾಲ್ಕೂ ಏಟು ತಗುಲಿದರೆ ಸರಾಸರಿ 71. ಅದೇ ಲೆವೆಲ್‌ನ ವಿಝರ್ಡ್ ತನ್ನ ಅತ್ಯುತ್ತಮ ಸ್ಲಾಟ್ ಖರ್ಚು ಮಾಡಿ ಫೈರ್‌ಬಾಲ್ ಎಸೆದರೆ ಒಬ್ಬೊಬ್ಬ ಶತ್ರುವಿಗೆ ಆಗುವುದು ಸರಾಸರಿ 28, ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಹಾಕುವ ದಾಳ) ಗೆದ್ದವರಿಗೆ ಅದರ ಅರ್ಧ.

ಹೀಗಾಗಿ ನನ್ನ ಆಕ್ಷೇಪ ಎರಡು ಡಿ8ರ ಬಗ್ಗೆ ಇಲ್ಲ. ಒಂದು ಶಕ್ತಿ ಸರದಿಯೊಳಗೆ ಯಾವ ಜಾಗವನ್ನು ಆಕ್ರಮಿಸುತ್ತದೆ ಎಂಬುದೇ ಅದರ ನಿಜವಾದ ಬೆಲೆ. ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್ ಇವುಗಳಲ್ಲಿ ಯಾವುದನ್ನೂ ಕೇಳದ ಶಕ್ತಿಯನ್ನು ಆಟಗಾರ ಬೇರೆ ಎಲ್ಲದರ ಮೇಲೂ ಪೇರಿಸುತ್ತಾ ಹೋಗಬಹುದು. ಮಂತ್ರಾಯುಧಕ್ಕೆ ಬೋನಸ್ ಆಕ್ಷನ್ ಬೇಕೆಂದು ಬರೆಯಿರಿ. ಆಕ್ಷನ್ ಸರ್ಜ್ ಇನ್ನೊಂದು ಆಕ್ಷನ್ ಕೊಡುತ್ತದೆಯೇ ವಿನಾ ಇನ್ನೊಂದು ಬೋನಸ್ ಆಕ್ಷನ್ ಕೊಡುವುದಿಲ್ಲ. ಆದ್ದರಿಂದ ಸರದಿಗೆ ಒಂದೇ ಮಂತ್ರಾಯುಧ ಎಂಬ ಮಿತಿ ತಾನಾಗಿ ಬರುತ್ತದೆ. ಆ ದೊಡ್ಡ ಸರದಿಯ ಮೊತ್ತ ಆಗ 50ರ ಆಸುಪಾಸಿನಿಂದ 37-38ಕ್ಕೆ ಇಳಿಯುತ್ತದೆ, ಉಳಿದ ಸ್ಲಾಟ್‌ಗಳು ಮುಂದಿನ ಸರದಿಗಳಿಗೆ ಉಳಿಯುತ್ತವೆ. 2024ರ ಪರಿಷ್ಕೃತ ನಿಯಮಗಳಲ್ಲಿ ಪ್ಯಾಲಡಿನ್‌ನ ಸ್ಮೈಟನ್ನೂ ಇದೇ ರೀತಿ ಬೋನಸ್ ಆಕ್ಷನ್‌ಗೆ ಕಟ್ಟಿಹಾಕಿದ್ದಾರೆ.


ಹೇಮಾವತಿ ತೀರ, ಹಾಸನ

ಎಣಿಕೆಗಾರರ ಲೆಕ್ಕ ಸರಿಯಾಗಿದೆ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ಗುಂಪು ಎರಡು ದೀರ್ಘ ವಿಶ್ರಾಂತಿಗಳ ನಡುವೆ ಎಷ್ಟು ಕಾಳಗಗಳನ್ನು ಆಡುತ್ತದೆ? 2014ರ ಡಿಎಂ (ಆಟ ನಡೆಸುವವರ) ಮಾರ್ಗದರ್ಶಿ ಒಂದು ಸಾಹಸದ ದಿನಕ್ಕೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿಗಳನ್ನು ಊಹಿಸಿಕೊಂಡಿದೆ. ನಮ್ಮ ಜಿಲ್ಲೆಗಳಲ್ಲಿ ಆಡುವವರ ಪರಿಸ್ಥಿತಿ ನಮಗೆಲ್ಲ ಗೊತ್ತೇ ಇದೆ. ಒಬ್ಬರು ಬೇಲೂರಿನಿಂದ, ಇನ್ನೊಬ್ಬರು ಸಕಲೇಶಪುರದಿಂದ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹಿಂದಿರುಗಬೇಕು; ಕಾಫಿ ಕೊಯ್ಲು ಶುರುವಾದರೆ ತೋಟದವರು ವಾರಗಟ್ಟಲೆ ಬರಲಾಗುವುದಿಲ್ಲ. ಆದ್ದರಿಂದ ಒಂದು ಭಾನುವಾರಕ್ಕೆ ಒಂದೇ ದೊಡ್ಡ ಕಾಳಗ ನಡೆದು, ಮುಂದಿನ ಬಾರಿ ಸೇರುವಾಗ ‘ಎಲ್ಲರೂ ಮಲಗಿ ಎದ್ದಿದ್ದೀರಿ’ ಎಂದು ಆರಂಭಿಸುವುದು ವಾಡಿಕೆಯಾಗಿಬಿಟ್ಟಿದೆ.

ಇಂತಹ ಗುಂಪಿನಲ್ಲಿ ದೀರ್ಘ ವಿಶ್ರಾಂತಿಯಿಂದ ಮರಳುವ ಪ್ರತಿಯೊಂದು ಶಕ್ತಿಯೂ ಪುಸ್ತಕ ಬರೆದವರು ಎಣಿಸಿದ್ದಕ್ಕಿಂತ ಹಲವು ಪಟ್ಟು ಪ್ರಬಲವಾಗುತ್ತದೆ. ಗರುಡನ 27 ಡ್ಯಾಮೇಜ್ ಆರು ಕಾಳಗಗಳಿಗೆ ಹಂಚಿಹೋದರೆ ಕಾಳಗವೊಂದಕ್ಕೆ ನಾಲ್ಕೂವರೆ. ಒಂದೇ ಕಾಳಗವಿದ್ದರೆ ಪೂರ್ತಿ 27. ಅದೇ ಹೊತ್ತಿಗೆ ಆಕ್ಷನ್ ಸರ್ಜ್ ಮತ್ತು ಸೆಕೆಂಡ್ ವಿಂಡ್ (ಗಾಯದಿಂದ ಚೇತರಿಸಿಕೊಳ್ಳುವ ಶಕ್ತಿ) ಕಿರು ವಿಶ್ರಾಂತಿಯಲ್ಲೇ ಮರಳುವ ಶಕ್ತಿಗಳಾದ್ದರಿಂದ, ದಿನಕ್ಕೊಂದೇ ಕಾಳಗವಿರುವ ಗುಂಪಿನಲ್ಲಿ ಫೈಟರ್ ತನಗೆ ಸಲ್ಲಬೇಕಾದ ಲಾಭವನ್ನು ಕಳೆದುಕೊಂಡು ನಿಂತಿರುತ್ತಾನೆ. ವಿಝರ್ಡ್ ಮತ್ತು ಪ್ಯಾಲಡಿನ್ ಮಿಂಚುತ್ತಾರೆ. ಫೈಟರ್ ಮತ್ತು ವಾರ್ಲಾಕ್ ಹಿಂದೆ ಬೀಳುತ್ತಾರೆ. ಆ ದೃಷ್ಟಿಯಿಂದ ಗರುಡನಿಗೆ ಸ್ವಲ್ಪ ಉದಾರವಾಗಿ ಕೊಡುವುದು ನ್ಯಾಯವೇ ಆಗಿದೆ.

ನನ್ನ ಸಲಹೆ ಶಕ್ತಿಯ ಸಂಖ್ಯೆಗಳನ್ನು ಮುಟ್ಟುವುದಕ್ಕಿಂತ ವಿಶ್ರಾಂತಿಯ ಗತಿಯನ್ನು ಮೊದಲು ಸರಿಪಡಿಸಿಕೊಳ್ಳುವುದು. ಅದೇ ಮಾರ್ಗದರ್ಶಿಯಲ್ಲಿ ಕಿರು ವಿಶ್ರಾಂತಿಗೆ 8 ಗಂಟೆ, ದೀರ್ಘ ವಿಶ್ರಾಂತಿಗೆ 7 ದಿನ ಎಂಬ ಪರ್ಯಾಯ ನಿಯಮವಿದೆ. ನಿಮ್ಮ ಕಥೆ ರಾಜಧಾನಿ ಮತ್ತು ಗಡಿಠಾಣ್ಯಗಳ ನಡುವಿನ ಪ್ರಯಾಣವಾದ್ದರಿಂದ ಇದು ಚೆನ್ನಾಗಿ ಹೊಂದುತ್ತದೆ: ದಾರಿಯಲ್ಲಿನ ರಾತ್ರಿಗಳು ಕಿರು ವಿಶ್ರಾಂತಿ, ಊರು ತಲುಪಿ ವಾರ ಉಳಿದರೆ ಮಾತ್ರ ದೀರ್ಘ ವಿಶ್ರಾಂತಿ. ಆಗ ಹಲವು ಭಾನುವಾರಗಳ ಕಾಳಗಗಳು ಒಂದೇ ‘ದಿನ’ದೊಳಗೆ ಬರುತ್ತವೆ, ಮತ್ತು ಮೂರು ಸ್ಲಾಟ್‌ಗಳನ್ನು ಎಲ್ಲಿ ಖರ್ಚು ಮಾಡಬೇಕೆಂಬ ಚಿಂತೆ ಆಟಗಾರನಿಗೆ ನಿಜವಾಗಿಯೂ ಹುಟ್ಟುತ್ತದೆ.


ಏಲಕ್ಕಿ ತೋಟ, ಸಕಲೇಶಪುರ

ನಾನು ಬೇರೊಂದು ಗುಂಪಿನಲ್ಲಿ ಪ್ಯಾಲಡಿನ್ ಆಡುವವನಾದ್ದರಿಂದ ವೇಳೆವಾಳಿಯ ಬಗ್ಗೆ ಹೇಳುತ್ತೇನೆ. ಇತರರ ಡ್ಯಾಮೇಜನ್ನು ತಾನು ಪಡೆಯುವ ಶಕ್ತಿ ಈಗಿರುವ ನಿಯಮಗಳಲ್ಲೇ ಇದೆ. ಓಥ್ ಆಫ್ ದ ಕ್ರೌನ್ ಪ್ಯಾಲಡಿನ್‌ಗೆ ಏಳನೆಯ ಲೆವೆಲ್‌ನಲ್ಲಿ 5 ಅಡಿಯೊಳಗೆ, ಓಥ್ ಆಫ್ ರಿಡೆಂಪ್ಷನ್‌ಗೆ ಅದೇ ಲೆವೆಲ್‌ನಲ್ಲಿ 10 ಅಡಿಯೊಳಗೆ. ನಿಮ್ಮ ಗರುಡ ಮೂರನೆಯ ಲೆವೆಲ್‌ನಲ್ಲೇ 30 ಅಡಿ ದೂರದಿಂದ ಇದನ್ನು ಮಾಡುತ್ತಾನೆ. ಒಬ್ಬನೇ ಒಡೆಯನಿಗೆ ಸೀಮಿತ ಎಂಬ ಷರತ್ತನ್ನು ಗಮನಿಸಿದರೂ ಅಂತರ ದೊಡ್ಡದು.

ಹೀಗಿದ್ದರೂ ಈ ಶಕ್ತಿಗೆ ಒಳಗಿನಿಂದಲೇ ಒಂದು ಬೆಲೆ ಇದೆ, ಅದನ್ನು ಕಾಪಾಡಿಕೊಳ್ಳಿ. ಏಟು ಒಡೆಯನ ಆರ್ಮರ್ ಕ್ಲಾಸ್‌ಗೆ ಎದುರಾಗಿ ತಗುಲಿರುತ್ತದೆ. ಗರುಡ ತೊಟ್ಟ ಕವಚವಾಗಲಿ ಗುರಾಣಿಯಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರಿಯಾಕ್ಷನ್ ಖರ್ಚಾದ್ದರಿಂದ ಆ ಸುತ್ತಿನಲ್ಲಿ ಆರ್ಮರ್ ಕ್ಲಾಸ್ ಏರಿಸುವ ಶೀಲ್ಡ್ ಮಂತ್ರವೂ ಇಲ್ಲ, ಓಡಿಹೋಗುವ ಶತ್ರುವಿಗೆ ಏಟೂ ಇಲ್ಲ. ಈ ಆಯ್ಕೆಯ ಸಂಕಟವೇ ಗರುಡನ ಪಾತ್ರದ ಜೀವಾಳ ಎಂದು ನನಗನಿಸುತ್ತದೆ: ತನ್ನ ಮೈ ಕಾಯುವುದೋ, ಒಡೆಯನ ಮೈ ಕಾಯುವುದೋ ಎಂಬುದನ್ನು ಪ್ರತಿ ಸುತ್ತಿನಲ್ಲೂ ನಿರ್ಧರಿಸಬೇಕು. ಆದ್ದರಿಂದ ‘ಹೀಗೆ ಪಡೆದ ಡ್ಯಾಮೇಜನ್ನು ಯಾವ ವಿಧದಿಂದಲೂ ಕಡಿಮೆ ಮಾಡಲಾಗದು’ ಎಂಬ ವಾಕ್ಯವನ್ನು ಸೇರಿಸಲೇಬೇಕು. ಅದಿಲ್ಲದಿದ್ದರೆ ಯಾರಾದರೂ ಬಾರ್ಬೇರಿಯನ್‌ನ ಎರಡು ಮೂರು ಲೆವೆಲ್ ಬೆರೆಸಿ, ರೇಜ್‌ನಲ್ಲಿ (ಆ ವರ್ಗದ ರೋಷಾವೇಶದಲ್ಲಿ) ಎಲ್ಲ ಏಟನ್ನೂ ಅರ್ಧ ಮಾಡಿಕೊಳ್ಳುತ್ತಾ ಕೂರುತ್ತಾರೆ.

ದೂರದ ವಿಷಯದಲ್ಲಿ: ಮೂರನೆಯ ಲೆವೆಲ್‌ನಲ್ಲಿ 5 ಅಡಿ ಇರಲಿ. ಏಳರಲ್ಲಿ, ರಿಯಾಕ್ಷನ್‌ನ ಭಾಗವಾಗಿ ತನ್ನ ವೇಗದ ಅರ್ಧದಷ್ಟು ದೂರ ಒಡೆಯನತ್ತ ಧಾವಿಸಿ ಏಟಿಗೆ ಅಡ್ಡ ನಿಲ್ಲಬಹುದು ಎಂದು ಬರೆಯಿರಿ. ದಾರಿಯಲ್ಲಿರುವ ಶತ್ರುಗಳು ಅವನ ಮೇಲೆ ಆಪರ್ಚ್ಯುನಿಟಿ ಅಟ್ಯಾಕ್ (ದಾಟಿಹೋಗುವವನಿಗೆ ಹೊಡೆಯುವ ಏಟು) ಮಾಡಬಹುದು. ಕುಳಿತಲ್ಲಿಂದಲೇ ಡ್ಯಾಮೇಜ್ ವರ್ಗಾಯಿಸುವುದಕ್ಕಿಂತ ಇದು ಗರುಡನಿಗೆ ಹೆಚ್ಚು ಒಪ್ಪುತ್ತದೆ.


ಶಾಸನಪ್ರಿಯ, ಬೇಲೂರು

ಆಟದ ನಿಯಮಗಳಲ್ಲಿ ನಾನು ಹಳಬನಲ್ಲ, ಆದರೆ ಹೆಸರಿನ ಹಿಂದಿರುವ ಇತಿಹಾಸದ ಬಗ್ಗೆ ಒಂದೆರಡು ಮಾತು ಹೇಳಬೇಕೆನಿಸಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡ ಸ್ತಂಭವನ್ನು ತಾವೆಲ್ಲ ನೋಡಿರಬಹುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರಲಕ್ಷ್ಮನೂ ಅವನ ಸಂಗಡಿಗರೂ ಒಡೆಯನ ಮರಣದ ನಂತರ ಕೊಟ್ಟ ಮಾತಿನಂತೆ ಪ್ರಾಣ ಬಿಟ್ಟದ್ದನ್ನು ಅದು ನೆನಪಿಸುತ್ತದೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಪದಗಳು ಹಳಗನ್ನಡದಲ್ಲಿ ಇಂತಹ ಬೇರೆ ಬೇರೆ ಬಗೆಯ ಋಣಗಳನ್ನೂ ಪ್ರತಿಜ್ಞೆಗಳನ್ನೂ ಸೂಚಿಸುತ್ತವೆ. ಮಂತ್ರಶಕ್ತಿ ನಿಮ್ಮ ಆಟದ ಕಲ್ಪನೆ. ಅದಕ್ಕೆ ನನ್ನ ಅಡ್ಡಿಯಿಲ್ಲ.

ನನಗೆ ತೊಡಕೆನಿಸಿದ್ದು ಹದಿನೈದನೆಯ ಲೆವೆಲ್‌ನ ಶಕ್ತಿ. ಒಡೆಯ ಬಿದ್ದರೆ ಗರುಡನಿಗೆ ಬಲ ಬರುತ್ತದೆ ಎಂದಾದರೆ, ಒಡೆಯ ಬೀಳುವುದು ಗರುಡನಿಗೆ ಲಾಭದಾಯಕ ಎಂದಾಗುತ್ತದೆ. ಚುರುಕಾದ ಆಟಗಾರ ಒಡೆಯನನ್ನು ಕಾಯುವ ಬದಲು ಒಮ್ಮೆ ಬೀಳಲು ಬಿಟ್ಟು, ಆಮೇಲೆ ಮೂರು ಡಿ8ಗಳೊಂದಿಗೆ ಶತ್ರುವನ್ನು ಮುಗಿಸಿ, ಕೊನೆಗೆ ಒಡೆಯನನ್ನು ಎಬ್ಬಿಸಬಹುದು. ಪ್ರತಿಜ್ಞೆಯ ಅರ್ಥವೇ ತಲೆಕೆಳಗಾಗುತ್ತದೆ. ಬೀಳುವುದಕ್ಕೆ ಮುನ್ನವೇ ತಡೆಯುವಂತಹ, ಮತ್ತು ಗರುಡನಿಗೆ ಭಾರವಾದ ಬೆಲೆ ತೆರುವಂತೆ ಮಾಡುವಂತಹ ಶಕ್ತಿಯನ್ನು ಯೋಚಿಸಿ.


ದಾಳದಾರಿ, ಹಾಸನ

ಎಲ್ಲರಿಗೂ ಧನ್ಯವಾದಗಳು. ಶಾಸನಪ್ರಿಯರು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಹದಿನೈದನೆಯ ಲೆವೆಲ್‌ನದನ್ನು ಹೊಸದಾಗಿ ಬರೆಯುತ್ತೇನೆ. ವಿಶ್ರಾಂತಿಯ ಪರ್ಯಾಯ ನಿಯಮವನ್ನು ಗುಂಪಿನ ಮುಂದಿಟ್ಟಿದ್ದೇನೆ, ವಿಝರ್ಡ್ ಆಡುವವರು ಮಾತ್ರ ಸ್ವಲ್ಪ ಯೋಚನೆಯಲ್ಲಿದ್ದಾರೆ.

ಬೋನಸ್ ಆಕ್ಷನ್ ವಿಷಯದಲ್ಲಿ ನನಗೆ ಇನ್ನೂ ಅನುಮಾನವಿದೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿದುಬಿಡುವ ಆ ಒಂದು ಸರದಿಗಾಗಿಯೇ ನಮ್ಮ ಆಟಗಾರರು ಈ ಪಾತ್ರವನ್ನು ಬಯಸುತ್ತಿದ್ದಾರೆ. ಅದನ್ನು ಸರದಿಗೆ ಒಂದಕ್ಕೆ ಇಳಿಸಿದರೆ ಲೆಕ್ಕ ಸರಿಹೋಗಬಹುದು, ಆದರೆ ಉತ್ಸಾಹ ಉಳಿಯುವುದೇ? ಜೊತೆಗೆ, ಏಳನೆಯ ಲೆವೆಲ್‌ನ ಶಕ್ತಿಯನ್ನು ನಾನೇ ಲೆಕ್ಕ ಹಾಕಿ ನೋಡಿದಾಗ ಅದು ಅಷ್ಟೇನೂ ಅಪಾಯಕಾರಿಯಾಗಿ ಕಾಣಲಿಲ್ಲ. ಆ ಹೊತ್ತಿಗೆ ಸ್ಟ್ರೆಂಗ್ತ್ 20, ಇಂಟೆಲಿಜೆನ್ಸ್ 14 ಇರುವ ಗರುಡ ಬೆಂಕಿಯ ಕಿರಣಗಳ ಸ್ಕಾರ್ಚಿಂಗ್ ರೇ ಮಂತ್ರ ಪ್ರಯೋಗಿಸಿ ಒಂದು ಏಟು ಹೊಡೆದರೆ, ಅದೇ ಆರ್ಮರ್ ಕ್ಲಾಸ್ 15ರ ಎದುರು ನಿರೀಕ್ಷಿತ ಡ್ಯಾಮೇಜ್ ಸುಮಾರು 20. ಮಂತ್ರವಿಲ್ಲದೆ ಎರಡು ಏಟು ಹೊಡೆದರೂ ಸುಮಾರು 17 ಬರುತ್ತದೆ. ಎರಡನೆಯ ದರ್ಜೆಯ ಸ್ಲಾಟ್ ಖರ್ಚು ಮಾಡಿ ಗಳಿಸಿದ್ದು ಮೂರು ಮಾತ್ರ.


ಎಣಿಕೆಗಾರ, ಚಿಕ್ಕಮಗಳೂರು

ಸ್ಕಾರ್ಚಿಂಗ್ ರೇ ಲೆಕ್ಕ ಸರಿ. ಆದರೆ ಡ್ಯಾಮೇಜ್ ಕೊಡುವ ಮಂತ್ರಗಳು ಮಾತ್ರ ಆ ಲೆಕ್ಕದಲ್ಲಿವೆ. ಎಲ್ಡ್ರಿಚ್ ನೈಟ್ ಸಾಮಾನ್ಯವಾಗಿ ಅಬ್‌ಜುರೇಷನ್ ಮತ್ತು ಎವೊಕೇಷನ್ (ರಕ್ಷಣೆ ಮತ್ತು ಶಕ್ತಿಸ್ಫೋಟದ) ಶಾಖೆಗಳ ಮಂತ್ರಗಳಿಗೆ ಸೀಮಿತನಾದರೂ, ಎಂಟನೆಯ ಲೆವೆಲ್‌ನಲ್ಲಿ ಯಾವುದೇ ಶಾಖೆಯ ಒಂದು ಮಂತ್ರವನ್ನು ಕಲಿಯಬಹುದು. ಗರುಡ ಮನುಷ್ಯರನ್ನು ಕದಲದಂತೆ ಕಟ್ಟಿಹಾಕುವ ಹೋಲ್ಡ್ ಪರ್ಸನ್ ಕಲಿತನೆಂದು ಊಹಿಸಿ. ಆಕ್ಷನ್ ಬಳಸಿ ಆ ಮಂತ್ರ. ಶತ್ರು ಸೇವಿಂಗ್ ಥ್ರೋ ಸೋತು ಪ್ಯಾರಲೈಸ್ ಆಗುತ್ತಾನೆ. ಅದೇ ಸರದಿಯಲ್ಲಿ ನಿಮ್ಮ ಕರಡು ಕೊಡುವ ಬೋನಸ್ ಏಟು: ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಆರಿಸುವುದು) ಇದೆ, 5 ಅಡಿಯೊಳಗಿನಿಂದ ತಗುಲಿದರೆ ಅದು ಕ್ರಿಟಿಕಲ್ ಆಗಿಯೇ ತಗುಲುತ್ತದೆ. ಅದರ ಮೇಲೆ ಏನನ್ನೂ ಕೇಳದ ಮಂತ್ರಾಯುಧ, ಅದರ ದಾಳಗಳೂ ಕ್ರಿಟಿಕಲ್‌ನಲ್ಲಿ ಎರಡು ಪಟ್ಟು. ಗ್ರೇಟ್‌ಸೋರ್ಡ್‌ನಿಂದ 19, ಮೊದಲ ದರ್ಜೆಯ ಸ್ಲಾಟ್‌ನಿಂದ 18, ಒಟ್ಟು ಸರಾಸರಿ 37. ಮತ್ತು ಶತ್ರು ಇನ್ನೂ ಕದಲಲಾಗದೆ ನಿಂತಿದ್ದಾನೆ, ಉಳಿದ ಸಂಗಡಿಗರ ಏಟುಗಳಿಗೆ ಕಾಯುತ್ತಾ.

ಬಿಡಿಯಾಗಿ ನೋಡಿದಾಗ ಸೌಮ್ಯವಾಗಿ ಕಾಣುವ ಎರಡು ಶಕ್ತಿಗಳು ಕೂಡಿದಾಗ ಹೀಗಾಗುತ್ತದೆ. ಹೋಂಬ್ರೂ ಬರೆಯುವವರು ಪ್ರತಿ ಶಕ್ತಿಯನ್ನೂ ಅದೇ ಪಾತ್ರದ ಉಳಿದೆಲ್ಲ ಶಕ್ತಿಗಳ ಪಕ್ಕದಲ್ಲಿಟ್ಟು, ಒಂದೇ ಸರದಿಯಲ್ಲಿ ಎಷ್ಟನ್ನು ಜೋಡಿಸಬಹುದು ಎಂದು ಪರೀಕ್ಷಿಸಬೇಕು. ಪುಸ್ತಕದಲ್ಲಿ ಮಂತ್ರದ ಜೊತೆ ಬೋನಸ್ ಏಟು ಕೊಡುವ ವಾರ್ ಮ್ಯಾಜಿಕ್ ಏಳನೆಯ ಲೆವೆಲ್‌ನಲ್ಲಿ ಕ್ಯಾಂಟ್ರಿಪ್‌ಗಳಿಗೆ (ಸ್ಲಾಟ್ ಬೇಡದ ಸರಳ ಮಂತ್ರಗಳಿಗೆ) ಮಾತ್ರ ಅನ್ವಯಿಸುತ್ತದೆ, ಯಾವುದೇ ಮಂತ್ರಕ್ಕೆ ಅನ್ವಯಿಸುವುದು ಹದಿನೆಂಟರಲ್ಲಿ. ಆ ಹನ್ನೊಂದು ಲೆವೆಲ್‌ಗಳ ಅಂತರವನ್ನು ಸುಮ್ಮನೆ ಇಟ್ಟಿಲ್ಲ.

ಇಲ್ಲೇ ಬೋನಸ್ ಆಕ್ಷನ್ ಸಲಹೆಯ ಇನ್ನೊಂದು ಪ್ರಯೋಜನವೂ ಇದೆ. ಮಂತ್ರಾಯುಧಕ್ಕೂ ಏಳನೆಯ ಲೆವೆಲ್‌ನ ಏಟಿಗೂ ಒಂದೇ ಬೋನಸ್ ಆಕ್ಷನ್ ಬೇಕಾದರೆ ಎರಡನ್ನೂ ಒಂದೇ ಸರದಿಯಲ್ಲಿ ಜೋಡಿಸಲಾಗದು. ಪ್ರತ್ಯೇಕ ನಿಷೇಧದ ವಾಕ್ಯವನ್ನು ಬರೆಯದೆಯೇ ಆ ಸಂಯೋಗ ನಿಲ್ಲುತ್ತದೆ.

ಉತ್ಸಾಹದ ಪ್ರಶ್ನೆಗೆ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೆಯ ಆವೃತ್ತಿಯ ಮೇಗಸ್ ವರ್ಗವನ್ನು ನೋಡಿ. ಮಂತ್ರವನ್ನು ಕತ್ತಿಯೊಳಗೆ ಸೇರಿಸಿ ಹೊಡೆಯುವ ಅದರ ಸ್ಪೆಲ್‌ಸ್ಟ್ರೈಕ್‌ಗೆ ಸರದಿಯ ಮೂರು ಆಕ್ಷನ್‌ಗಳಲ್ಲಿ ಎರಡು ಬೇಕು, ಮತ್ತೆ ಬಳಸುವ ಮುನ್ನ ಸಾಮಾನ್ಯವಾಗಿ ಇನ್ನೊಂದು ಆಕ್ಷನ್ ವ್ಯಯಿಸಿ ಅದನ್ನು ಸಜ್ಜುಗೊಳಿಸಿಕೊಳ್ಳಬೇಕು. ಹೆಚ್ಚುಕಡಿಮೆ ಇಡೀ ಸರದಿ ಒಂದೇ ಏಟಿಗೆ ಮೀಸಲಾದರೂ ಅದನ್ನು ಆಡುವವರು ಆ ಏಟಿಗಾಗಿಯೇ ಕಾಯುತ್ತಾರೆ. ಏಟು ಅಪರೂಪವಾದಷ್ಟೂ ಅದರ ತೂಕ ಹೆಚ್ಚುತ್ತದೆ. ನಿಮ್ಮ ಆಟಗಾರರಿಗೆ ಕ್ರಿಟಿಕಲ್‌ನಲ್ಲಿ ಮಂತ್ರಾಯುಧದ ದಾಳಗಳು ಎರಡು ಪಟ್ಟಾಗುವುದನ್ನು ಉಳಿಸಿಕೊಡಿ. ಏಟು ತಗುಲಿದ ಮೇಲೆ ಸ್ಲಾಟ್ ಖರ್ಚು ಮಾಡುವ ನಿಯಮವಿರುವುದರಿಂದ ಅವರು 20 ಬಿದ್ದ ಗಳಿಗೆಗಾಗಿ ಅದನ್ನು ಕಾಯ್ದಿರಿಸಬಹುದು.

ಕಾನ್ಸಂಟ್ರೇಷನ್ ಬಗ್ಗೆ ಚಿಕ್ಕದಾಗಿ: ಫೈಟರ್‌ಗೆ ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋದಲ್ಲಿ ಪ್ರೊಫಿಷಿಯೆನ್ಸಿ (ಪರಿಣತಿಯ ಬೋನಸ್) ಇದೆ. ಹತ್ತನೆಯ ಲೆವೆಲ್‌ನಲ್ಲಿ, ಕಾನ್‌ಸ್ಟಿಟ್ಯೂಷನ್ 16 ಇದ್ದರೆ ಬೋನಸ್ 7. ಸಾಧಾರಣ ಏಟುಗಳಿಗೆ ಗುರಿ 10 ಆದ್ದರಿಂದ ಈಗಾಗಲೇ ಶೇಕಡಾ 90ರಷ್ಟು ಯಶಸ್ಸು. ‘ಮುರಿಯುವುದೇ ಇಲ್ಲ’ ಎಂಬ ಶಕ್ತಿ ಅಲ್ಲಿ ಹೆಚ್ಚೇನೂ ಕೊಡುವುದಿಲ್ಲ. 60 ಡ್ಯಾಮೇಜಿನ ಡ್ರ್ಯಾಗನ್ ಉಸಿರಿಗೆ ಗುರಿ ಅದರ ಅರ್ಧ, ಅಂದರೆ 30, ಬೋನಸ್ 7 ಇರುವವನು ಅದನ್ನು ಮುಟ್ಟಲಾರ. ಅಲ್ಲಿ ಮಾತ್ರ ಅದು ಎಲ್ಲವನ್ನೂ ಕೊಡುತ್ತದೆ. ಅಂತಹ ಏಟಿಗೂ ಮಂತ್ರ ಕದಲದಿದ್ದರೆ ಡ್ರ್ಯಾಗನ್‌ನ ಭಯವೇ ಹೊರಟುಹೋಗುತ್ತದೆ. ಬಿಟ್ಟುಬಿಡಿ.


ಗಿರಿಯ ಮಂಜು, ಮೂಡಿಗೆರೆ

ಯಾರೂ ಪ್ರಸ್ತಾಪಿಸದ ಎರಡು ವಿಷಯಗಳಿವೆ.

ಮೊದಲನೆಯದು ಕೈಗಳ ಲೆಕ್ಕ. ಶೀಲ್ಡ್ ಮಂತ್ರಕ್ಕೆ ಕೈಸನ್ನೆ ಬೇಕು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದವನಿಗೆ ವಾರ್ ಕ್ಯಾಸ್ಟರ್ ಫೀಟ್ (ಆರಿಸಿಕೊಳ್ಳುವ ವಿಶೇಷ ಕೌಶಲ್ಯ) ಇಲ್ಲದೆ ಅದನ್ನು ಪ್ರಯೋಗಿಸಲಾಗದು. ಪ್ಲೇಟ್ ಕವಚ ಮತ್ತು ಗುರಾಣಿಯಿಂದ ಆರ್ಮರ್ ಕ್ಲಾಸ್ 20 ಇರುವ ಗರುಡನನ್ನು ಓಗರ್ ಹೊಡೆಯುವ ಸಾಧ್ಯತೆ ಶೇಕಡಾ 35. ಶೀಲ್ಡ್‌ನ 5 ಸೇರಿದರೆ ಶೇಕಡಾ 10. ಹೋಂಬ್ರೂ ಬರೆಯುವವರು ಚಂದಕ್ಕಾಗಿ ‘ಆಯುಧ ಹಿಡಿದ ಕೈಯಿಂದಲೇ ಮಂತ್ರದ ಸನ್ನೆ ಮಾಡಬಹುದು’ ಎಂದು ಸೇರಿಸುವುದುಂಟು. ಆ ಒಂದು ವಾಕ್ಯ ಒಂದು ಫೀಟ್‌ನ ಮುಖ್ಯ ಭಾಗವನ್ನೇ ಬಿಟ್ಟಿಯಾಗಿ ಕೊಟ್ಟುಬಿಡುತ್ತದೆ. ನಿಮ್ಮ ಕರಡಿನಲ್ಲಿ ಅದಿಲ್ಲ; ಮುಂದೆಯೂ ಸೇರಿಸಬೇಡಿ.

ಎರಡನೆಯದು ಗುಣಾಂಕಗಳು. ಗರುಡನ ಮಂತ್ರಗಳನ್ನು ಸ್ಟ್ರೆಂಗ್ತ್‌ನಿಂದಲೇ ನಡೆಸಲು ಬಿಡಬೇಕೆಂಬ ಬೇಡಿಕೆ ಇಂದಲ್ಲ ನಾಳೆ ಬರುತ್ತದೆ. ಒಪ್ಪಬೇಡಿ. ಎರಡು ಗುಣಗಳ ನಡುವೆ ಅಂಕಗಳನ್ನು ಹಂಚಬೇಕಾಗಿರುವುದೇ ಈ ಬಗೆಯ ಯೋಧನ ಮೇಲಿರುವ ದೊಡ್ಡ ಅಂಕುಶ. ಹೆಕ್ಸ್‌ಬ್ಲೇಡ್ ವಾರ್ಲಾಕ್ ಕತ್ತಿಯನ್ನೂ ಮಂತ್ರವನ್ನೂ ಕರಿಸ್ಮಾ ಒಂದರಿಂದಲೇ ನಡೆಸತೊಡಗಿದ ಮೇಲೆ, ಬೇರೆ ವರ್ಗದವರೂ ಅದರ ಒಂದು ಲೆವೆಲ್ ಬೆರೆಸಿಕೊಳ್ಳಲು ಮುಗಿಬಿದ್ದದ್ದನ್ನು ನೋಡಿದ್ದೇವೆ.

ಹತ್ತನೆಯ ಲೆವೆಲ್‌ಗೆ ಪುಸ್ತಕದ ಎಲ್ಡ್ರಿಚ್ ಸ್ಟ್ರೈಕನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಏಟು ತಿಂದ ಶತ್ರುವಿಗೆ ಗರುಡನ ಮುಂದಿನ ಸರದಿ ಮುಗಿಯುವುದರೊಳಗೆ ಪ್ರಯೋಗಿಸಿದ ಮಂತ್ರದ ಎದುರು ಡಿಸಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದನ್ನು ಆರಿಸುವುದು). ಇಂಟೆಲಿಜೆನ್ಸ್ 14ರ ಗರುಡನ ಸೇವ್ ಗುರಿ ಆಗ 14. ಬೋನಸ್ 3 ಇರುವ ಶತ್ರು ಗೆಲ್ಲುವ ಸಾಧ್ಯತೆ ಶೇಕಡಾ 50ರಿಂದ 25ಕ್ಕೆ ಇಳಿಯುತ್ತದೆ. ಈ ಸರದಿಯಲ್ಲಿ ಕತ್ತಿ, ಮುಂದಿನ ಸರದಿಯಲ್ಲಿ ಮಂತ್ರ: ನಿಮ್ಮ ಆಟಗಾರರು ಕೇಳುತ್ತಿರುವ ಬೆರೆಕೆ ಇಲ್ಲೇ ಇದೆ. ಹೊಸದನ್ನು ಬರೆಯುವ ಆಸೆಯಲ್ಲಿ ಚೆನ್ನಾಗಿರುವ ಹಳೆಯದನ್ನು ಕಿತ್ತುಹಾಕಬೇಕಿಲ್ಲ.


ಹೇಮಾವತಿ ತೀರ, ಹಾಸನ

ಮಂಜು ಅವರ ಮಾತಿಗೆ ನನ್ನ ಸಹಮತವಿದೆ. ನನ್ನದೊಂದು ವ್ಯಾವಹಾರಿಕ ಪ್ರಶ್ನೆ: ಒಡೆಯನ ಪಾತ್ರ ಆಡುವವರು ಆ ಭಾನುವಾರ ಬರದಿದ್ದರೆ ವೇಳೆವಾಳಿ ಪೂರ್ತಿ ನಿಷ್ಪ್ರಯೋಜಕವಾಗುತ್ತದೆಯಲ್ಲವೇ? ದೀರ್ಘ ವಿಶ್ರಾಂತಿಗೆ ಏಳು ದಿನ ಬೇಕೆಂದು ನಾನೇ ಸೂಚಿಸಿರುವುದರಿಂದ ಈ ತೊಂದರೆ ಇನ್ನೂ ಹೆಚ್ಚಾಗುತ್ತದೆ. ಕಿರು ವಿಶ್ರಾಂತಿಯ ಕೊನೆಯಲ್ಲೂ ಒಡೆಯನನ್ನು ಬದಲಿಸಲು ಅವಕಾಶ ಕೊಡಿ. ಪ್ರತಿಜ್ಞೆಯನ್ನು ಹೀಗೆ ಬದಲಿಸುವುದು ಕಥೆಗೆ ಒಪ್ಪುವುದಿಲ್ಲ ಎನಿಸಿದರೆ, ಗೈರುಹಾಜರಾದ ಒಡೆಯನೇ ತನ್ನ ರಕ್ಷಣೆಯ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸಿ ಗರುಡನನ್ನು ಕಳುಹಿಸಿದ್ದಾನೆ ಎಂದು ಕಥೆ ಹೊಂದಿಸಬಹುದು.

ಪರೀಕ್ಷಿಸುವ ರೀತಿಯ ಬಗ್ಗೆಯೂ ಒಂದು ಮಾತು. ಕಾಗದದ ಮೇಲಿನ ಲೆಕ್ಕ ಮುಗಿದ ಮೇಲೆ, ಕಥೆಗೆ ಸಂಬಂಧವಿಲ್ಲದ ಕಾಳಗವೊಂದನ್ನು ಇಟ್ಟು, ಅದೇ ಪಾತ್ರವನ್ನು ಒಮ್ಮೆ ಪುಸ್ತಕದ ಎಲ್ಡ್ರಿಚ್ ನೈಟ್ ಆಗಿ, ಇನ್ನೊಮ್ಮೆ ಗರುಡನಾಗಿ ಆಡಿಸಿ. ಆಗ ಗರುಡನ ಡ್ಯಾಮೇಜನ್ನು ಬರೆದುಕೊಳ್ಳುವುದಕ್ಕಿಂತ, ಉಳಿದವರು ತಮ್ಮ ಸರದಿ ಬಂದಾಗ ಮಾಡಲು ಏನಾದರೂ ಉಳಿದಿತ್ತೇ ಎಂಬುದನ್ನು ಅವರನ್ನೇ ಕೇಳಿ ತಿಳಿಯಿರಿ.


ದಾಳದಾರಿ, ಹಾಸನ

ನಿನ್ನೆ ಆಟಗಾರರೊಂದಿಗೆ ಕುಳಿತು ಹೊಸ ಕರಡನ್ನು ಓದಿದೆವು. ಮಂತ್ರಾಯುಧಕ್ಕೆ ಬೋನಸ್ ಆಕ್ಷನ್ ಬೇಕೆಂಬುದಕ್ಕೆ ಅವರು ಮೊದಲು ಹಿಂಜರಿದರು. ಕ್ರಿಟಿಕಲ್ ಬಿದ್ದ ಮೇಲೆ ನಿರ್ಧರಿಸಬಹುದು ಎಂದು ತಿಳಿದಾಗ ಒಪ್ಪಿದರು. ಈಗಿನ ರೂಪ ಹೀಗಿದೆ.

ಮೂರನೆಯ ಲೆವೆಲ್, ಮಂತ್ರಾಯುಧ: ಹತ್ತಿರದಿಂದ ಬೀಸಿದ ಆಯುಧದ ಏಟು ತಗುಲಿದ ಕೂಡಲೇ ಬೋನಸ್ ಆಕ್ಷನ್ ಮತ್ತು ಒಂದು ಸ್ಲಾಟ್ ಬಳಸಿ ಎರಡು ಡಿ8, ಮೇಲಿನ ದರ್ಜೆಯ ಸ್ಲಾಟ್‌ಗೆ ದರ್ಜೆಗೊಂದು ಡಿ8 ಹೆಚ್ಚು. ವೇಳೆವಾಳಿ: ಕಿರು ಅಥವಾ ದೀರ್ಘ ವಿಶ್ರಾಂತಿಯ ಕೊನೆಯಲ್ಲಿ, ಒಪ್ಪುವ ಒಬ್ಬ ಸಂಗಡಿಗನನ್ನು ಒಡೆಯನೆಂದು ಆರಿಸಿಕೊಳ್ಳುವುದು, 5 ಅಡಿಯೊಳಗೆ ಅವನಿಗೆ ಡ್ಯಾಮೇಜ್ ಆದಾಗ ರಿಯಾಕ್ಷನ್ ಬಳಸಿ ಅದನ್ನು ತಾನು ಪಡೆಯುವುದು. ಹೀಗೆ ಪಡೆದದ್ದನ್ನು ಯಾವ ವಿಧದಿಂದಲೂ ಕಡಿಮೆ ಮಾಡಲಾಗದು, ಮತ್ತು ಏಟಿನ ಜೊತೆ ಬರುವ ವಿಷ, ಭಯ ಮುಂತಾದ ಪರಿಣಾಮಗಳು ಒಡೆಯನಲ್ಲೇ ಉಳಿಯುತ್ತವೆ. ಏಳನೆಯ ಲೆವೆಲ್: ಕ್ಯಾಂಟ್ರಿಪ್ ಪ್ರಯೋಗಿಸಿದಾಗ ಬೋನಸ್ ಆಕ್ಷನ್‌ನಲ್ಲಿ ಒಂದು ಏಟು; ವೇಳೆವಾಳಿಯ ಭಾಗವಾಗಿ ವೇಗದ ಅರ್ಧದಷ್ಟು ದೂರ ಒಡೆಯನತ್ತ ಧಾವಿಸುವ ಅವಕಾಶ. ಹತ್ತು ಮತ್ತು ಹದಿನೆಂಟರಲ್ಲಿ ಪುಸ್ತಕದಲ್ಲಿರುವುದೇ.

ಹದಿನೈದನೆಯ ಲೆವೆಲ್, ‘ಮಾತು ಉಳಿಸಿದವನು’: 30 ಅಡಿಯೊಳಗೆ ಕಣ್ಣಿಗೆ ಕಾಣುವ ಒಡೆಯ ಶೂನ್ಯಕ್ಕೆ ಇಳಿಯಬೇಕಾದಾಗ, ಗರುಡ ರಿಯಾಕ್ಷನ್ ಜೊತೆಗೆ ಮೂರನೆಯ ದರ್ಜೆಯ ಒಂದು ಸ್ಲಾಟ್ ಖರ್ಚು ಮಾಡಿ ಒಡೆಯನನ್ನು ಒಂದು ಹಿಟ್ ಪಾಯಿಂಟ್‌ನಲ್ಲಿ ಉಳಿಸಬಹುದು. ಗರುಡನಿಗೆ ಒಂದು ಹಂತದ ಎಕ್ಸಾಸ್ಷನ್ (ದಣಿವು) ಬರುತ್ತದೆ. ದಿನಕ್ಕೊಮ್ಮೆ ಎಂಬ ಮಿತಿಯನ್ನು ಬೇಕೆಂದೇ ಹಾಕಿಲ್ಲ. ಎಕ್ಸಾಸ್ಷನ್‌ನ ಆರನೆಯ ಹಂತ ಮರಣ, ದೀರ್ಘ ವಿಶ್ರಾಂತಿಯೊಂದಕ್ಕೆ ಒಂದೇ ಹಂತ ಇಳಿಯುತ್ತದೆ. ನಾಲ್ಕನೆಯ ದರ್ಜೆಯ ಡೆತ್ ವಾರ್ಡ್ ಮಂತ್ರ ಇದೇ ಕೆಲಸವನ್ನು ಎಂಟು ಗಂಟೆ ಮೊದಲೇ ಮಾಡಿಟ್ಟುಕೊಳ್ಳಲು ಬಿಡುತ್ತದೆ ಮತ್ತು ಯಾರ ದೇಹಕ್ಕೂ ದಣಿವು ತರುವುದಿಲ್ಲ, ಆದ್ದರಿಂದ ಇದು ಮಿತಿಯೊಳಗಿದೆ ಎಂದು ಭಾವಿಸುತ್ತೇನೆ.


ಶಾಸನಪ್ರಿಯ, ಬೇಲೂರು

ಹದಿನೈದನೆಯ ಲೆವೆಲ್‌ನ ಶಕ್ತಿ ಈಗ ಹೆಸರಿಗೆ ತಕ್ಕಂತಿದೆ. ‘ಒಪ್ಪುವ ಸಂಗಡಿಗ’ ಎಂಬ ಷರತ್ತು ವಿಶೇಷವಾಗಿ ಹಿಡಿಸಿತು. ಒಡೆಯನಾಗುವುದೂ ಒಂದು ಹೊಣೆಯೇ.


ಏಲಕ್ಕಿ ತೋಟ, ಸಕಲೇಶಪುರ

ಹೊಸ ರೂಪ ಸೊಗಸಾಗಿದೆ. ಒಂದು ಸಂದೇಹ ಉಳಿದಿದೆ. ಒಡೆಯ ಮತ್ತು ಗರುಡ ಇಬ್ಬರೂ ಒಂದೇ ಫೈರ್‌ಬಾಲ್‌ಗೆ ಸಿಲುಕಿದರೆ? ಗರುಡ ತನ್ನ ಪಾಲಿನದನ್ನೂ ಒಡೆಯನ ಪಾಲಿನದನ್ನೂ ಎರಡನ್ನೂ ಪಡೆಯಬಹುದೇ, ಮತ್ತು ಆಗ ಕಾನ್ಸಂಟ್ರೇಷನ್‌ಗೆ ಒಂದೇ ಥ್ರೋ ಸಾಕೇ?


ಎಣಿಕೆಗಾರ, ಚಿಕ್ಕಮಗಳೂರು

ನಿಯಮದಲ್ಲಿ ‘ಡ್ಯಾಮೇಜ್ ಆದಾಗ’ ಎಂದಿರುವುದರಿಂದ ಫೈರ್‌ಬಾಲ್‌ಗೂ ಅನ್ವಯಿಸುತ್ತದೆ. ಇಬ್ಬರೂ ತಮ್ಮ ತಮ್ಮ ಸೇವಿಂಗ್ ಥ್ರೋ ಹಾಕಬೇಕು; ಗರುಡ ಗೆದ್ದು ಒಡೆಯ ಸೋತರೆ, ಗರುಡ ತನ್ನ ಅರ್ಧವನ್ನೂ ಒಡೆಯನ ಪೂರ್ತಿಯನ್ನೂ ಪಡೆಯುತ್ತಾನೆ. 28ರ ಸರಾಸರಿಗೆ ಅದು 42. ಇವೆರಡೂ ಬೇರೆ ಬೇರೆ ಡ್ಯಾಮೇಜ್ ಆದ್ದರಿಂದ ಕಾನ್ಸಂಟ್ರೇಷನ್‌ಗೆ ಎರಡು ಥ್ರೋ, ಒಂದಕ್ಕೆ ಗುರಿ 10, ಇನ್ನೊಂದಕ್ಕೆ 14. ಬೆಂಕಿಗೆ ಪ್ರತಿರೋಧವಿರುವ ಗರುಡನಿಗೂ ಎರಡನೆಯ ಭಾಗ ಕಡಿಮೆಯಾಗುವುದಿಲ್ಲ. ಇದನ್ನು ಒಂದು ಉದಾಹರಣೆಯಾಗಿ ಶಕ್ತಿಯ ವಿವರಣೆಯ ಕೆಳಗೇ ಬರೆದಿಡಿ, ಕಾಳಗದ ನಡುವೆ ಈ ಚರ್ಚೆಗೆ ಸಮಯವಿರುವುದಿಲ್ಲ.


ದಾಳದಾರಿ, ಹಾಸನ

ಸೇರಿಸಿದ್ದೇನೆ. ವಿಝರ್ಡ್ ಆಡುವವರೂ ಏಳು ದಿನದ ವಿಶ್ರಾಂತಿಗೆ ಒಪ್ಪಿದ್ದಾರೆ, ಆದರೆ ಮೊದಲ ಒಡೆಯ ತಾವೇ ಆಗಬೇಕೆಂಬ ಷರತ್ತಿನ ಮೇಲೆ.